ಸ್ಮರಣ ಸಂಚಿಕೆಯಲ್ಲಿ ಇಲ್ಲದ ಕುರ್ಚಿ

ಸಾಯುವ ಮೊದಲು ಅಪ್ಪ ತಮ್ಮ ತಲೆಯ ಮೇಲೆ ಕೈಯಿಟ್ಟು ಹರಸಿದರು ಎಂದು ಪ್ರೊಫೆಸರ್ ಮೊದಲ ಸಲ ಹೇಳಿದ್ದು ಒಂದು ಶನಿವಾರ ಬೆಳಿಗ್ಗೆ, ಮಲೇಷ್ಯಾದ ನಿಲಾಯ್‌ನ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಪರೋಟದಂಥ ರೊಟ್ಟಿ ಚಾನಾಯ್ ಮುರಿಯುತ್ತಾ. ಬಲಗೈಯನ್ನು ತಮ್ಮದೇ ಬೋಳುತಲೆಯ ಮೇಲಿಟ್ಟು ತೋರಿಸಿದರು, ಹೀಗೆ, ಇಷ್ಟು ಹೊತ್ತು, ಎಂದು. ಎಷ್ಟು ನೆಮ್ಮದಿಯ ಮುಖ ಅದು. ನಾನು ಹ್ಞೂಂ ಎಂದೆ. ಹ್ಞೂಂ ಎನ್ನುವಾಗಲೇ ಇದು ನಡೆದದ್ದಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪ ಸತ್ತಾಗ ಅವರು ಅಲ್ಲಿರಲಿಲ್ಲ. ಮಣ್ಣಿಗೂ ಹೋಗಿರಲಿಲ್ಲ. ಮೂರು ವರ್ಷದ ಹಿಂದೆ ಅದನ್ನು ಅವರೇ ನನಗೆ ಹೇಳಿದ್ದರು, ನಾನು ಬರೆದುಕೊಂಡಿದ್ದೆ, ಆಮೇಲೆ ನಾನೇ ಅದನ್ನು ತೆಗೆದುಹಾಕಿದ್ದೆ.

ಪ್ರೊಫೆಸರ್ ಅಮೆರಿಕದ ಕಪ್ಪು ಜನಾಂಗದವರು. ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಹುಟ್ಟಿ, ಉತ್ತರದಲ್ಲಿ ಓದಿ, ಮಲೇಷ್ಯಾದ ತಮಿಳು ನರ್ಸ್ ಒಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಹೆಂಡತಿ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ಎರಡು ವರ್ಷ ಇಲ್ಲಿ ಓದಿ ಉಳಿದದ್ದನ್ನು ಓದಲು ಅಮೆರಿಕಕ್ಕೆ ಹಾರುವ ಮಕ್ಕಳಿಗೆ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವರು ಕಪ್ಪು ಅಮೆರಿಕನ್ನರ ವಿಚಾರಗಳ ಚರಿತ್ರೆ ಕಲಿಸುತ್ತಿದ್ದರು. ನಾನು ಮಂಗಳೂರಿನವಳು, ಗಂಡನ ಕಂಪೆನಿ ಕೆಲಸದ ಬೆನ್ನಿಗೆ ಕುವಾಲಾಲಂಪುರದ ಬಾಂಗ್ಸಾರ್‌ಗೆ ಬಂದವಳು. ಇಂಗ್ಲಿಷ್ ಎಂ.ಎ. ಇದ್ದುದರಿಂದ ಅವರ ತರಗತಿಗೆ ಸಹಾಯಕಿಯಾಗಿ ಸೇರಿಕೊಂಡೆ. ಬಾಂಗ್ಸಾರ್‌ನಿಂದ ಎಲ್‌ಆರ್‌ಟಿ, ಸೆಂಟ್ರಲ್‌ನಲ್ಲಿ ಇಳಿದು ನಿಲಾಯ್‌ಗೆ ಇನ್ನೊಂದು ರೈಲು, ಸ್ಟೇಷನ್ನಿನಿಂದ ಬಿಸಿಲಿನಲ್ಲಿ ನಡಿಗೆ. ಹನ್ನೆರಡು ವರ್ಷ ಹೀಗೆ ಓಡಾಡಿ ನನ್ನ ಮೊಣಗಂಟು ಸವೆದುಹೋಗಿದೆ.

ಅವರು ಮಾತಾಡುವುದು ಇಂಗ್ಲಿಷ್. ಇಲ್ಲಿ ನಾನು ಬರೆಯುವುದು ನನ್ನ ಕನ್ನಡ. ಅವರ ಯಾವ ಮಾತೂ ನನ್ನೊಳಗೆ ಇಂಗ್ಲಿಷಿನಲ್ಲಿ ಉಳಿದಿಲ್ಲ, ಏನು ಮಾಡಲಿ.

ಪಾಠವನ್ನು ಅವರು ದೊಡ್ಡ ಹೆಸರುಗಳಿಂದ ಶುರುಮಾಡಿದವರೇ ಅಲ್ಲ. ಮೊದಲ ದಿನ ಒಂದೇ ಪ್ರಶ್ನೆ: ಓದಲು ಬಿಡದ ಊರಿನಲ್ಲಿ ಜನ ಹೇಗೆ ಓದಿದರು? ಮಕ್ಕಳು ಫೋನ್ ಕೆಳಗಿಡುತ್ತಿದ್ದರು. ಆಮೇಲೆ ಅವರು ಕ್ಷೌರದಂಗಡಿಯ ಬೆಂಚಿನ ಮೇಲೆ ಗಟ್ಟಿಯಾಗಿ ಓದಲಾಗುತ್ತಿದ್ದ ಪತ್ರಿಕೆಗಳ ಬಗ್ಗೆ, ಅದೇ ಪತ್ರಿಕೆಗಳನ್ನು ಬಟ್ಟೆಯ ಗಂಟಿನೊಳಗೆ ಅಡಗಿಸಿ ದಕ್ಷಿಣಕ್ಕೆ ಒಯ್ಯುತ್ತಿದ್ದ ರೈಲು ಕೆಲಸಗಾರರ ಬಗ್ಗೆ, ಹಳೆಯ ಕ್ಯಾಟಲಾಗುಗಳ ಮೇಲೆ ಸುದ್ದಿಯ ತುಣುಕು ಅಂಟಿಸಿ ತಮ್ಮದೇ ಚರಿತ್ರೆ ಕಟ್ಟಿಕೊಂಡ ಹೆಂಗಸರ ಬಗ್ಗೆ ಹೇಳುತ್ತಿದ್ದರು. ವಿಚಾರ ತಲೆಯಲ್ಲಿ ಹುಟ್ಟುವುದಿಲ್ಲ, ಅವಮಾನವಾದ ಜಾಗದಲ್ಲಿ ಹುಟ್ಟುತ್ತದೆ, ತಲೆಗೆ ಬರುವುದು ಆಮೇಲೆ ಎನ್ನುವುದು ಅವರ ವಾದ. ಹಾಜರಿ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತು ನಾನು ಇದನ್ನು ಇಪ್ಪತ್ತು ಸಲವಾದರೂ ಕೇಳಿದ್ದೇನೆ.

ತರಗತಿಯಲ್ಲಿ ಅಷ್ಟು ಧೈರ್ಯದ ಮನುಷ್ಯ ಹೊರಗೆ ಕಾಲಿಟ್ಟ ಕೂಡಲೇ ಷರ್ಟಿನ ಜೇಬು ಮುಟ್ಟಿನೋಡಿಕೊಳ್ಳುತ್ತಿದ್ದರು. ಅಲ್ಲಿ ಪಾಸ್‌ಪೋರ್ಟ್ ಇರುತ್ತಿತ್ತು. ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋಗುವಾಗಲೂ ಇರುತ್ತಿತ್ತು. ಹೊಸ ಕಾವಲುಗಾರ ಬಂದಾಗಲೆಲ್ಲ ಅವರದೇ ಮನೆಯ ಗೇಟಿನಲ್ಲಿ ಅವರನ್ನು ನಿಲ್ಲಿಸಿ, ಯಾರ ಮನೆಗೆ ಎಂದು ಕೇಳುತ್ತಿದ್ದ. ಇಲ್ಲಿಯ ಅರ್ಜಿಗಳಲ್ಲಿ ಜನಾಂಗ ಎಂಬ ಕಾಲಂ ಇರುತ್ತದೆ: ಮಲಯ, ಚೀನಾ, ಇಂಡಿಯಾ, ಇತರೆ. ಮೂವತ್ತು ವರ್ಷ ಅವರು 'ಇತರೆ'ಗೆ ಗುರುತು ಹಾಕಿದ್ದಾರೆ. ಪಕ್ಕದಲ್ಲಿ ನಿಂತು ನಾನು 'ಇಂಡಿಯಾ'ಕ್ಕೆ ಹಾಕುವಾಗ ನನಗೊಂದು ಮನೆ ಇದೆ ಎಂಬ ಸಣ್ಣ ಸಮಾಧಾನವಾಗುತ್ತಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅವರ ನಿವೃತ್ತಿಗೆ ಸ್ಮರಣ ಸಂಚಿಕೆ ಮಾಡಿದವಳು ನಾನು. ಯಾರೂ ಹೇಳಿರಲಿಲ್ಲ. ನಮ್ಮ ಮಂಗಳೂರಿನ ಕ್ರೈಸ್ತರಿಗೆ ಇದೊಂದು ಚಟ. ಪಾದ್ರಿಗಳ ಬೆಳ್ಳಿಹಬ್ಬಕ್ಕೆ ಒಂದು ಸಂಚಿಕೆ, ಮದುವೆಯ ಐವತ್ತಕ್ಕೆ ಒಂದು, ಸಂಘದ ವಾರ್ಷಿಕೋತ್ಸವಕ್ಕೆ ಒಂದು. ಹೊಳಪು ಕಾಗದ, ಮುಂದೆ ಮಾಲೆ ಹಾಕಿದ ಫೋಟೊ, ಒಳಗೆ ಜೀವನಚಿತ್ರ. ಆ ಜೀವನಚಿತ್ರ ಬರೆಯುವುದಕ್ಕೆ ಒಂದು ಧಾಟಿ ಇದೆ. ಕುಡುಕ ಸ್ನೇಹಜೀವಿಯಾಗುತ್ತಾನೆ, ಜಿಪುಣ ಮಿತವ್ಯಯಿಯಾಗುತ್ತಾನೆ, ಅಣ್ಣತಮ್ಮಂದಿರ ಜೊತೆ ಕೋರ್ಟು ಹತ್ತಿದವನು ಕುಟುಂಬವತ್ಸಲನಾಗುತ್ತಾನೆ. ಸಂಚಿಕೆಯಲ್ಲಿ ಯಾರ ಮಾನವೂ ಹೋಗಬಾರದು. ಕುವಾಲಾಲಂಪುರದ ನಮ್ಮವರ ಕೂಟದಲ್ಲಿ ಈ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ, ನನ್ನ ಕೈ ಅದಕ್ಕೆ ಪಳಗಿದೆ.

ಹಾಗಾಗಿ ಪ್ರೊಫೆಸರ್ ಮನೆಯಲ್ಲಿ ನಾಲ್ಕು ಮಧ್ಯಾಹ್ನ ಕೂತು ಅವರ ಕತೆ ಬರೆದುಕೊಂಡೆ. ಫೋನಿನಲ್ಲಿ ರೆಕಾರ್ಡೂ ಮಾಡಿದ್ದೆ. ಆದರೆ ಚರ್ಚಿನ ವಾಟ್ಸಾಪ್ ಗುಂಪಿನ ಗುಡ್ ಮಾರ್ನಿಂಗ್ ಹೂಗಳಿಂದ ಫೋನು ತುಂಬಿಹೋಗಿ, ಜಾಗ ಬೇಕೆಂದು ಒಂದು ದಿನ ಅವನ್ನು ಅಳಿಸಿಬಿಟ್ಟೆ. ಗಡಿಬಿಡಿಯಲ್ಲಿ ನನ್ನ ಕೈ ಓಡುವುದು ಕನ್ನಡದಲ್ಲಿ. ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದದ್ದನ್ನು ನಾನು ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಗೀಚಿಕೊಂಡಿದ್ದೆ. ಈಗ ಉಳಿದಿರುವುದು ಅದೊಂದೇ.

ಆ ನೋಟುಬುಕ್ಕಿನಲ್ಲಿರುವುದು ಇಷ್ಟು. ಪ್ರೊಫೆಸರರ ಅಪ್ಪ ಹಗಲು ಕಪ್ಪು ಮಕ್ಕಳ ಶಾಲೆಯಲ್ಲಿ ಮೇಷ್ಟ್ರು, ಸಂಜೆ ಊರಿನ ಗ್ರಂಥಾಲಯದಲ್ಲಿ ಕಸ ಗುಡಿಸುವವರು. ಗ್ರಂಥಾಲಯ ಬಿಳಿಯರದ್ದು; ಕಪ್ಪು ಜನರಿಗೆ ಪ್ರವೇಶ ಪೊರಕೆ ಹಿಡಿದರೆ ಮಾತ್ರ. ಗುಡಿಸಿ ಮುಗಿದ ಮೇಲೆ ಅವರು ನಿಂತುಕೊಂಡೇ ಪುಸ್ತಕ ತೆರೆದು, ಶಾಲೆಯ ಹಾಳೆಗಳಲ್ಲಿ ಪುಟ ಪುಟ ನಕಲು ಮಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅದನ್ನು ಹಿಟ್ಟಿನ ಚೀಲದ ಬಟ್ಟೆಯ ಹೊದಿಕೆ ಹಾಕಿ ಹೊಲಿಯುತ್ತಿದ್ದರು. ಆ ಊರಿನ ಕಪ್ಪು ಮಕ್ಕಳ ಗ್ರಂಥಾಲಯ ಎಂದರೆ ಅದೇ, ಒಬ್ಬ ಮನುಷ್ಯನ ಕೈಬರಹ. ಒಂದು ಸಂಜೆ ಕಾಲು ನೋವೆಂದು ಅವರು ಕುರ್ಚಿಯ ಮೇಲೆ ಕೂತರು. ಮರೆತ ಕೊಡೆಗಾಗಿ ಮರಳಿ ಬಂದ ಗ್ರಂಥಪಾಲಕಿ ಅದನ್ನು ನೋಡಿದಳು. ಕೂಗಾಡಲಿಲ್ಲ. ಈ ಕುರ್ಚಿಯ ಮೇಲೆ ಇನ್ನು ಯಾರು ಕೂರುತ್ತಾರೆ, ಹಿತ್ತಲಿಗೆ ಒಯ್ದು ಸುಟ್ಟುಬಿಡು ಎಂದಳು. ಹನ್ನೊಂದು ವರ್ಷದ ಮಗ ಅಲ್ಲೇ ಇದ್ದ. ಅಪ್ಪ ಒಂದು ತುದಿ, ಮಗ ಒಂದು ತುದಿ ಹಿಡಿದು ಒಯ್ದರು. ದಾರಿಯುದ್ದಕ್ಕೂ ಅಪ್ಪ ನಗುತ್ತಿದ್ದರು. ಹೌದಮ್ಮಾ, ಆಗಲಮ್ಮಾ, ಎಂದು ನಗುತ್ತಲೇ ಬೆಂಕಿ ಕೊಟ್ಟರು.

ಆ ನಗುವನ್ನು ಮಗ ಕ್ಷಮಿಸಲಿಲ್ಲ. ಹದಿನೆಂಟಕ್ಕೆ ಮನೆ ಬಿಟ್ಟವರು ಮತ್ತೆ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪ ಸತ್ತ ಸುದ್ದಿ ಬಂದಾಗ ಬಸ್ಸಿನ ಟಿಕೆಟು ತೆಗೆದಿದ್ದರು, ಆದರೆ ಹತ್ತಲಿಲ್ಲ. ಮಣ್ಣು ಮಾಡುವ ದಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಬೆಳಿಗ್ಗೆಯಿಂದ ಬಾಗಿಲು ಮುಚ್ಚುವವರೆಗೆ ಒಂದು ಕುರ್ಚಿಯ ಮೇಲೆ ಕೂತೇ ಇದ್ದರು. ಅಲ್ಲಿ ಕೂತಾಗಲೇ ಅವರಿಗೆ ಹೊಳೆದದ್ದು: ಅಪ್ಪ ನಗದೆ ಇದ್ದಿದ್ದರೆ ಆ ಸಂಜೆ ಇಬ್ಬರೂ ಮನೆ ಸೇರುತ್ತಿರಲಿಲ್ಲ. "ಆ ನಗು ನನ್ನನ್ನ ಜೀವಂತ ಮನೆಗೆ ತಂತು. ನಾನು ಆಮೇಲೆ ಬರೆದದ್ದೆಲ್ಲ ಆ ನಗುವಿನ ಹತ್ತಿರ ಕೇಳಿದ ಕ್ಷಮೆ, ಅಷ್ಟೇ," ಎಂದಿದ್ದರು. ಇದನ್ನು ಯಾರಿಗೂ ಹೇಳಿರಲಿಲ್ಲವಂತೆ, ಹೆಂಡತಿಗೂ.

ನಾನು ಸಂಚಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಏನು ಗೊತ್ತೇ? ಊರಿನ ಗ್ರಂಥಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದ ತಂದೆಯವರ ಆಶೀರ್ವಾದದಿಂದ ಬಾಲ್ಯದಲ್ಲಿಯೇ ಪುಸ್ತಕಪ್ರೇಮ ಬೆಳೆಸಿಕೊಂಡರು. ಇಷ್ಟೇ. ಕುರ್ಚಿ ಇಲ್ಲ, ನಗು ಇಲ್ಲ, ಹತ್ತದ ಬಸ್ಸೂ ಇಲ್ಲ. ಪುಟ ಜೋಡಿಸಿಕೊಟ್ಟ ನನ್ನ ಮಗಳು ಮಾತ್ರ, ಏನು ಕೇಳಿದರೂ ಇಂಗ್ಲಿಷಿನಲ್ಲಿ, ಇಲ್ಲಿಯವರ 'ಲಾ' ಸೇರಿಸಿ ಉತ್ತರ ಕೊಡುವವಳು, "ಅಮ್ಮಾ, ದಿಸ್ ಈಸ್ ಲೈಕ್ ಅ ಡೆತ್ ನೋಟಿಸ್, ಲಾ," ಎಂದಿದ್ದಳು. ಬಾಯಿ ಮುಚ್ಚು ಎಂದಿದ್ದೆ. ಬೀಳ್ಕೊಡುಗೆಯ ದಿನ ಪ್ರೊಫೆಸರ್ ಅದನ್ನು ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನನ್ನಪ್ಪನನ್ನ ಲೈಬ್ರರಿಯನ್ ಮಾಡಿಬಿಟ್ಟೆಯಲ್ಲ," ಎಂದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಕೇಕ್ ಕತ್ತರಿಸಲು ಹೋದೆ.

ಮರೆವು ಶುರುವಾದದ್ದು ಅದಾಗಿ ಒಂದು ವರ್ಷಕ್ಕೆ. ಮೊದಲು ಬೀಗದ ಕೈ, ಆಮೇಲೆ ವಾರಗಳು, ಆಮೇಲೆ ಹೆಂಡತಿ ಸತ್ತಿದ್ದಾಳೆ ಎಂಬುದು. ಬೆಳಿಗ್ಗೆ ಬಂದು ಸಂಜೆ ಹೋಗುವ ಒಬ್ಬ ಆಯಾ ಇದ್ದಾಳೆ. ಶನಿವಾರ ಅವಳಿಗೆ ರಜೆ, ಆ ದಿನ ನಾನು ಹೋಗುತ್ತೇನೆ. ನೆನಪು ಕೈಗೆ ಸಿಗದಾದಾಗ ಪ್ರೊಫೆಸರ್ ಏನು ಮಾಡುತ್ತಿದ್ದರೆಂದರೆ, ಮೇಜಿನ ಮೇಲಿದ್ದ ನನ್ನ ಸಂಚಿಕೆಯನ್ನು ಎತ್ತಿಕೊಂಡು ಓದುತ್ತಿದ್ದರು. ತಾವು ಯಾರೆಂದು ತಿಳಿದುಕೊಳ್ಳಲು. ದಿನಾ ಓದಿ ಓದಿ ಆ ಒಂದು ವಾಕ್ಯದಿಂದ ಅವರೊಳಗೆ ಬೇರೆಯೇ ಒಬ್ಬ ಅಪ್ಪ ಬೆಳೆದುಬಿಟ್ಟಿದ್ದರು. ಕೋಟು ಹಾಕಿಕೊಂಡು ಗ್ರಂಥಾಲಯದ ಮೇಜಿನ ಹಿಂದೆ ಕೂರುವ ಅಪ್ಪ. ಸಾಯುವಾಗ ಮಗನ ತಲೆಯ ಮೇಲೆ ಕೈಯಿಡುವ ಅಪ್ಪ.

ಇದು ಅಲ್ಲಿಗೇ ನಿಂತಿದ್ದರೆ ನಾನೂ ಹ್ಞೂಂ ಎನ್ನುತ್ತಾ ಕಾಲ ಹಾಕುತ್ತಿದ್ದೆನೋ ಏನೋ. ಅಷ್ಟರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ನನಗೊಂದು ಮೇಲ್ ಬಂತು. ಬರೆದವಳು ಸಂಶೋಧಕಿ, ಅವಳೂ ಕಪ್ಪು ಹುಡುಗಿ, ವಯಸ್ಸಾದ ಕಪ್ಪು ಅಧ್ಯಾಪಕರ ನೆನಪುಗಳನ್ನು ವಿಡಿಯೋದಲ್ಲಿ ಹಿಡಿದು ಶಾಶ್ವತವಾಗಿ ಇಡುವ ಕೆಲಸ ಅವಳದು. ಸಂಚಿಕೆಯ ಒಂದು ಪ್ರತಿ ಅವಳಿಗೆ ಸಿಕ್ಕಿತ್ತು, ಅದರ ಹಿಂಬದಿಯಲ್ಲಿ ನನ್ನ ವಿಳಾಸವಿತ್ತು. ಗ್ರಂಥಾಲಯದಲ್ಲಿದ್ದ ತಂದೆಯಿಂದಲೇ ಮಾತು ಶುರುಮಾಡೋಣ, ಆ ಕಾಲದಲ್ಲಿ ದಕ್ಷಿಣದಲ್ಲಿ ಅಂಥ ಹುದ್ದೆಯಲ್ಲಿ ಕಪ್ಪು ಮನುಷ್ಯ ಇದ್ದದ್ದೇ ಅಪರೂಪ ಎಂದು ಉತ್ಸಾಹದಿಂದ ಬರೆದಿದ್ದಳು. ಎರಡು ವಾರ ಬಿಟ್ಟು ಶನಿವಾರ ಬೆಳಿಗ್ಗೆ ವಿಡಿಯೋ ಕರೆ. ಇಲ್ಲದ ಒಬ್ಬ ಮನುಷ್ಯನನ್ನು ನಾನು ಹುಟ್ಟಿಸಿದ್ದೆ, ಈಗ ಅವನು ಚರಿತ್ರೆಗೆ ಸೇರಲು ಹೊರಟಿದ್ದ.

ಪ್ರೊಫೆಸರನ್ನು ನೋಡುವ ಡಾಕ್ಟರು ನಮ್ಮವಳೇ, ವಿಜಯಪುರದ ಮುಸ್ಲಿಂ ಹೆಣ್ಣುಮಗಳು, ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಕಲಿಸುತ್ತಾಳೆ. ಫೋನ್ ಮಾಡಿ ಎಲ್ಲ ಹೇಳಿದೆ.

"ಅಕ್ಕಾ, ಮರೆವಿನ ಮಂದಿಗೆ ತಿದ್ದಾಕ ಹೋಗಬಾರದ್ರಿ," ಎಂದಳು. "ಅವರು ಏನ್ ಅಂತಾರ, ಹೌದ್ರಿ ಅನ್ನೂದು. ಈಗ ಆರಾಮ ಅದಾರಿಲ್ಲೋ? ಬಿಟ್ಟುಬಿಡ್ರಿ. ಖರೆ ಹೇಳಿ ಏನ್ ಮಾಡಾವ್ರು ನೀವು? ದಿನಾ ಹೊಸದಾಗಿ ಅವರನ್ನ ಅಳಸ್ತೀರೇನು?"

"ನಾನು ಬರೆದ ಸುಳ್ಳು ಅದು, ಡಾಕ್ಟ್ರೇ."

"ಸುಳ್ಳಲ್ರಿ ಅಕ್ಕಾ. ನೀವು ಚಂದ ಮಾಡಿ ಬರದೀರಿ, ಅಷ್ಟ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಸಿಟ್ಟು ತಂದದ್ದು. ಗಂಡನಿಗೆ ಹೇಳಿದರೆ ಅವರದ್ದು ಇನ್ನೊಂದು. ನಮ್ಮ ಮನೆಮಾತು ಕೊಂಕಣಿ, ಜಗಳಕ್ಕೆ ಮಾತ್ರ ಕನ್ನಡ ಬೇಕು. "ಎಂಥ ಮಾರಾಯ್ತಿ, ನಿನಗೆ ಬೇರೆ ಕೆಲಸ ಇಲ್ವಾ? ಆ ಮುದುಕ ಖುಷಿಯಲ್ಲಿದ್ದಾನೆ, ನಿನಗೆ ಯಾಕೆ ಹೊಟ್ಟೆಕಿಚ್ಚು?" ಎಂದರು. "ನಿಮಗೆ ಅರ್ಥ ಆಗುದಿಲ್ಲ ಮಾರಾಯ್ರೆ, ಬಿಡಿ," ಎಂದು ಅಡುಗೆಮನೆಗೆ ಹೋದೆ. ಅರ್ಥವಾಗುವಂತೆ ನಾನು ಹೇಳಿಯೂ ಇರಲಿಲ್ಲ.

ಹೇಳಬೇಕಾದದ್ದು ಬೇರೆ ಇತ್ತು. ನಾನು ಆ ನಗುವನ್ನು ತೆಗೆದದ್ದು ಪ್ರೊಫೆಸರ್ ಮಾನ ಕಾಯಲು ಅಲ್ಲ. ಆ ನಗು ನನಗೆ ಗೊತ್ತಿತ್ತು. ನನ್ನಪ್ಪ ಮಂಗಳೂರಿನಲ್ಲಿ ಒಂದು ಹಂಚಿನ ಕಾರ್ಖಾನೆಯ ಗುಮಾಸ್ತರಾಗಿದ್ದರು. ಧಣಿಯ ಮಗ, ನನಗಿಂತ ಎರಡು ವರ್ಷ ದೊಡ್ಡವನು, ಕಾರಿನಿಂದ ಇಳಿಯುತ್ತಲೇ, ನಿನ್ನ ತಲೆಯಲ್ಲಿ ಇರುವುದು ಮಿದುಳೋ ಜೇಡಿಮಣ್ಣೋ ಎಂದು ಎಲ್ಲರೆದುರು ಕೇಳುತ್ತಿದ್ದ. ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಹೌದು ಧಣಿ, ಜೇಡಿಮಣ್ಣೇ ಧಣಿ. ಅಪ್ಪ ಸತ್ತಾಗ ಚರ್ಚಿನ ಪತ್ರಿಕೆಗೆ ನಾನೇ ಬರೆದುಕೊಟ್ಟೆ, ಧಣಿಗಳ ಅಪಾರ ವಿಶ್ವಾಸಕ್ಕೆ ಪಾತ್ರರಾಗಿದ್ದರು ಎಂದು. ಪ್ರೊಫೆಸರ್ ತಮ್ಮ ಅಪ್ಪನ ನಗುವಿನ ಬಗ್ಗೆ ಹೇಳಿದ ಮಧ್ಯಾಹ್ನ ನನ್ನ ಮೈಯೆಲ್ಲ ಉರಿದುಹೋಗಿತ್ತು. ಬರೆದುಕೊಳ್ಳುವುದೇನೋ ಬರೆದುಕೊಂಡೆ. ಸಂಚಿಕೆಗೆ ಹಾಕಲು ಕೈ ಬರಲಿಲ್ಲ.

ಕರೆಗೆ ಒಂದು ವಾರ ಇರುವಾಗ ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ನಿಲಾಯ್‌ಗೆ ಹೋದೆ. ಮಾಮಾಕ್ ಅಂಗಡಿಯಲ್ಲಿ ಚಹಾ ಬಂದ ಮೇಲೆ ಪ್ರೊಫೆಸರ್ ಮತ್ತೆ ತಲೆಯ ಮೇಲೆ ಕೈ ಇಟ್ಟುಕೊಂಡರು. ನಾನು ಹ್ಞೂಂ ಎನ್ನಲಿಲ್ಲ.

"ಪ್ರೊಫೆಸರ್, ಹಾಗಲ್ಲ ಅದು. ನೀವೇ ನನಗೆ ಹೇಳಿದ್ದು ಇಲ್ಲಿದೆ, ಓದ್ತೀನಿ," ಎಂದೆ.

ನನ್ನ ಗೀಚು ಕನ್ನಡವನ್ನು ನೋಡುತ್ತಾ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಪೊರಕೆ, ನಕಲು ಹಾಳೆ, ಕಾಲು ನೋವು, ಕುರ್ಚಿ. ಮೊದಲು ಅವರು ಬೇರೆ ಯಾರದೋ ಕತೆ ಎಂಬಂತೆ ಕುತೂಹಲದಿಂದ ಕೇಳಿದರು. ನಗುವಿನ ಜಾಗಕ್ಕೆ ಬಂದಾಗ ಮುಖ ಬಿಗಿಯಿತು.

"ಯಾರಿವನು?"

"ನಿಮ್ಮಪ್ಪ."

"ಸುಳ್ಳು. ನನ್ನಪ್ಪ ಲೈಬ್ರರಿಯನ್. ಪುಸ್ತಕದಲ್ಲಿ ಬರೆದಿದೆ."

"ಆ ಪುಸ್ತಕ ಬರೆದವಳು ನಾನು, ಪ್ರೊಫೆಸರ್. ನಾನೇ ಬಿಟ್ಟುಬಿಟ್ಟೆ."

ಅವರು ಎದ್ದರು. ಜೇಬು ಮುಟ್ಟಿ ನೋಡಿಕೊಂಡು, ಅರ್ಧ ಚಹಾ ಬಿಟ್ಟು, ಬಿಸಿಲಿಗೆ ಇಳಿದು ನಡೆಯತೊಡಗಿದರು. ಆ ವಯಸ್ಸಿನಲ್ಲಿ ಅಂಥ ನಡಿಗೆ. ನಾನು ಕುಂಟುತ್ತಾ ಹಿಂದೆ ಹೋದೆ, ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಳ್ಳುತ್ತಾ. ಡಾಕ್ಟರು ಹೇಳಿದ್ದು ಸರಿ, ಗಂಡ ಹೇಳಿದ್ದು ಸರಿ, ನೆಮ್ಮದಿಯಾಗಿದ್ದ ಜೀವಕ್ಕೆ ಬೆಂಕಿ ಇಟ್ಟೆನಲ್ಲ ಎಂದು. ಬಸ್ ನಿಲ್ದಾಣದ ಬೆಂಚಿನ ಹತ್ತಿರ ಅವರು ನಿಂತರು. ಕೂರಲಿಲ್ಲ. ಬೆಂಚನ್ನೇ ನೋಡುತ್ತಾ ತುಂಬ ಹೊತ್ತು ನಿಂತಿದ್ದರು.

"ವಾರ್ನಿಷ್," ಎಂದರು ಕೊನೆಗೆ. "ಕುರ್ಚಿಗೆ ಹೊಸ ವಾರ್ನಿಷ್ ಹಚ್ಚಿತ್ತು. ಸುಡೋವಾಗ ಕಣ್ಣು ಉರೀತು. ಎರಡು ದಿನ ಅಪ್ಪನ ಅಂಗಿಯಲ್ಲಿ ಅದೇ ವಾಸನೆ."

ವಾರ್ನಿಷ್ ನನ್ನ ನೋಟುಬುಕ್ಕಿನಲ್ಲಿ ಇರಲಿಲ್ಲ. ಆ ಮಾತು ಅವರದ್ದೇ, ಎಲ್ಲೋ ಒಳಗಿನಿಂದ ಬಂದದ್ದು. ಆಮೇಲೆ ಅವರು ಕೂತರು, ಅತ್ತರು. ನಾನು ಪಕ್ಕದಲ್ಲಿ ಕೂತೆ. ಬಸ್ಸೊಂದು ಬಂದು ನಿಂತು, ನಾವು ಹತ್ತದಿರುವುದನ್ನು ನೋಡಿ ಹೋಯಿತು.

"ಯಾಕೆ ತೆಗೆದೆ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ತರಗತಿಯಲ್ಲಿ ಕೇಳಿದಂತೆ ಕೇಳಿದರು. ನಾನು ಹಂಚಿನ ಕಾರ್ಖಾನೆ, ಧಣಿಯ ಮಗ, ಅಪ್ಪನ ಕೈ ಅಡ್ಡ ಹಿಡಿದ ಬಾಯಿ, ಇಷ್ಟು ಹೇಳಿದೆ.

"ಹಾಗಾದ್ರೆ ನಿನ್ನಪ್ಪನನ್ನ ಮುಚ್ಚಿಡೋಕೆ ನನ್ನಪ್ಪನ ಕುರ್ಚಿ ತೆಗೆದುಬಿಟ್ಟೆ."

ನಾನು ನೋಟುಬುಕ್ಕನ್ನು ಚೀಲಕ್ಕೆ ಹಾಕಿದೆ.

"ಎರಡೂ ಒಂದೇ ಅಲ್ಲ, ತಿಳ್ಕೋ. ನಿನ್ನಪ್ಪ ನಗದಿದ್ರೆ ಕೆಲಸ ಹೋಗ್ತಿತ್ತು. ನನ್ನಪ್ಪ ನಗದಿದ್ರೆ ನಮ್ಮನ್ನ ಮರಕ್ಕೆ ನೇಣು ಹಾಕ್ತಿದ್ರು." ಕಣ್ಣೊರೆಸಿಕೊಂಡು, "ಆದ್ರೂ ಹೇಳಿದ್ದು ಒಳ್ಳೇದಾಯ್ತು. ನಾನು ಇದನ್ನ ಮತ್ತೆ ಮರೀತೀನಿ, ಅದು ನಿನಗೂ ಗೊತ್ತು. ಮರೆತು ಆ ಕೈಯ ಕತೆ ಹೇಳಿದ್ರೆ ತಡೀಬೇಕು. ನಾನು ಕೂಗಾಡಿದ್ರೂ ಸರಿ. ಮಾತು ಕೊಡು," ಎಂದರು. ಕೊಟ್ಟೆ. ಆಗ ಕೊಡುವುದು ಸುಲಭವಾಗಿತ್ತು.

ಮುಂದಿನ ಶನಿವಾರ ಕರೆಯ ಹೊತ್ತಿಗೆ ಎಲ್ಲ ಅಳಿಸಿಹೋಗಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂತ ಪ್ರೊಫೆಸರ್, ಆ ಹುಡುಗಿ ಮೊದಲ ಪ್ರಶ್ನೆ ಕೇಳಿದ ಕೂಡಲೇ ನಗುಮುಖದಿಂದ ತಲೆಯ ಮೇಲೆ ಕೈ ಇಟ್ಟರು. ಅವಳ ಕಣ್ಣಲ್ಲಿ ಆಗಲೇ ನೀರು. ನಾನು ಕ್ಯಾಮೆರಾದ ಪಕ್ಕದಲ್ಲಿ ಕೂತಿದ್ದೆ. ಕ್ಷಮಿಸಿ, ಎಂದು ನಾನು ಚಿತ್ರದೊಳಗೆ ನುಗ್ಗಿದೆ. ಸಂಚಿಕೆ ಬರೆದವಳು ನಾನೆಂದೆ, ಬಿಟ್ಟದ್ದೇನೆಂದೆ, ನೀಲಿ ನೋಟುಬುಕ್ಕು ತೆರೆದೆ. ಪ್ರೊಫೆಸರ್ ಮತ್ತೆ ಮೊದಲಿನಿಂದ ಕೇಳಿದರು, ಮತ್ತೆ ಯಾರಿವನು ಎಂದರು, ಮತ್ತೆ ಸುಳ್ಳು ಎಂದರು. ಎದ್ದುಹೋಗಲಿಲ್ಲ, ಅದೊಂದು ಪುಣ್ಯ. ವಾರ್ನಿಷ್ ನೆನಪಿಗೆ ಬಂದದ್ದು ಕಾಲು ಗಂಟೆಯ ಮೇಲೆ. ಅಲ್ಲಿಂದ ಮುಂದಿನದ್ದನ್ನು ಅವರೇ ಹೇಳಿದರು, ಹತ್ತದ ಬಸ್ಸು, ಇಡೀ ದಿನ ಕೂತ ಕುರ್ಚಿ, ಕ್ಷಮೆ. ಕೊನೆಯಲ್ಲಿ ಆ ಹುಡುಗಿ ನನಗೆ ಥ್ಯಾಂಕ್ಸ್ ಎಂದಳು. ಅದು ನನಗೆ ಸಲ್ಲಬೇಕಾದ್ದಲ್ಲ.

ಚರಿತ್ರೆಗೆ ಸಲ್ಲಬೇಕಾದ್ದು ಸಂದಿತು. ಇನ್ನು ಬಿಟ್ಟುಬಿಡ್ರಿ ಅಕ್ಕಾ ಎಂದಳು ಡಾಕ್ಟರು. ನಾನೂ ಬಿಡಬಹುದಿತ್ತು. ಆದರೆ ಮಾತು ಕೊಟ್ಟಿದ್ದೆ, ವಾರ ವಾರ ನೋಟುಬುಕ್ಕು ಹೊತ್ತು ಓದುವ ಶಕ್ತಿಯೂ ನನಗಿಲ್ಲ. ಒಂದು ಮಧ್ಯಾಹ್ನ ಕೂತು ಆ ಪುಟಗಳನ್ನು ಇಂಗ್ಲಿಷಿಗೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಅವರ ಸಂಚಿಕೆಯ ಪ್ರತಿಯಲ್ಲಿ ನನ್ನ ಆ ಚಂದದ ವಾಕ್ಯದ ಮೇಲೆ ಅಂಟಿಸಿದೆ. ವಾರ್ನಿಷನ್ನೂ ಸೇರಿಸಿದೆ. ಅವರ ಪಾಠದಲ್ಲಿ ಬರುತ್ತಿದ್ದ ಹೆಂಗಸರು ಹಳೆಯ ಕ್ಯಾಟಲಾಗಿನ ಮೇಲೆ ಅಂಟಿಸಿದಂತೆಯೇ, ಮೈದಾ ಗೋಂದಿನಲ್ಲಿ.

ಈಗ ಅವರು ದಿನಾ ಅದನ್ನು ಓದುತ್ತಾರೆ. ದಿನಾ ಅಳುತ್ತಾರೋ ಏನೋ, ಆಯಾ ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಶನಿವಾರ ನಾನು ಹೋದಾಗ ಸಂಚಿಕೆ ಅವರ ತೊಡೆಯ ಮೇಲೆ ತೆರೆದಿರುತ್ತದೆ. ತಲೆಯ ಮೇಲೆ ಕೈ ಹೋಗುವುದಿಲ್ಲ. ಕನ್ನಡಕದ ಮೇಲಿಂದ ನೋಡಿ, "ನನ್ನಪ್ಪ ನಗ್ತಾ ಇದ್ರು. ನಿನಗೆ ಗೊತ್ತಿತ್ತಾ?" ಎನ್ನುತ್ತಾರೆ.

"ಗೊತ್ತು ಪ್ರೊಫೆಸರ್. ನನ್ನಪ್ಪನೂ ನಗ್ತಾ ಇದ್ರು."

"ಹೌದಾ? ಹೇಳು."

ಹೇಳುತ್ತೇನೆ. ಅವರು ಮರೆಯುತ್ತಾರೆ, ಮುಂದಿನ ವಾರ ಹೊಸದಾಗಿ ಕೇಳುತ್ತಾರೆ, ಹೊಸದಾಗಿ ಹೇಳುತ್ತೇನೆ. ಸಂಚಿಕೆಯ ಧಾಟಿ ನನ್ನ ಬಾಯಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದಕ್ಕೇ ಮೊದಲೆಲ್ಲ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಧಣಿಯ ಮಗ, ಜೇಡಿಮಣ್ಣು, ಬಾಯಿಗೆ ಅಡ್ಡ ಹಿಡಿದ ಕೈ, ಅಲ್ಲಿಗೆ ಮುಗಿಯಿತು. ಅವರು ಕಾಯುತ್ತಿದ್ದರು, ಪರೀಕ್ಷೆಯಲ್ಲಿ ಉತ್ತರ ಪೂರ್ತಿಯಾಗಿಲ್ಲ ಎಂದು ಗೊತ್ತಿರುವ ಮೇಷ್ಟ್ರ ಹಾಗೆ. ಆಮೇಲೆ ಅದೂ ಮರೆತುಹೋಗಿ ಚಹಾ ಕೇಳುತ್ತಿದ್ದರು.

ಕಳೆದ ಶನಿವಾರ ರೈಲು ತಡವಾಗಿತ್ತು, ಬಿಸಿಲು ನೆತ್ತಿಗೇರಿತ್ತು, ಮೊಣಗಂಟು ಸಿಡಿಯುತ್ತಿತ್ತು. ಮುಚ್ಚಿಡುವುದಕ್ಕೂ ಶಕ್ತಿ ಬೇಕಾಗುತ್ತದೆ. ಅವರು ಹೇಳು ಎಂದರು, ಹೇಳಿಬಿಟ್ಟೆ. ಅಪ್ಪ ಹಾಗೆ ನಕ್ಕ ಒಂದು ದಿನ ಕಾರ್ಖಾನೆಯ ಗೇಟಿನ ಹತ್ತಿರ ನಾನೊಬ್ಬಳೇ ಇರಲಿಲ್ಲ. ಕಾಲೇಜಿನ ಇಬ್ಬರು ಗೆಳತಿಯರಿದ್ದರು. ಅಪ್ಪ ಮರೆತ ಬುತ್ತಿಯನ್ನು ಕೊಡಲು ಹೋಗಿದ್ದೆ. ಧಣಿಯ ಮಗನ ಎದುರು ನಗುತ್ತಿದ್ದ ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಯಾರೇ ಆ ಮನುಷ್ಯ ಎಂದು ಗೆಳತಿಯೊಬ್ಬಳು ಕೇಳಿದಳು. ಗೊತ್ತಿಲ್ಲ, ಯಾರೋ ಗುಮಾಸ್ತ ಇರಬೇಕು ಎಂದೆ. ಅಪ್ಪನಿಗೆ ಕೇಳಿಸುವಷ್ಟು ಹತ್ತಿರದಲ್ಲಿದ್ದೆ. ಬುತ್ತಿಯನ್ನು ಕಾವಲಿನವನ ಕೈಗೆ ಕೊಟ್ಟು ಬಂದೆ. ಸಂಜೆ ಮನೆಗೆ ಬಂದ ಅಪ್ಪ, ಬುತ್ತಿ ಸಿಕ್ಕಿತು ಮಗಾ ಎಂದರು, ಅಷ್ಟೇ. ಸಾಯುವವರೆಗೂ ಅದರ ಬಗ್ಗೆ ಮತ್ತೇನೂ ಹೇಳಲಿಲ್ಲ.

ಪ್ರೊಫೆಸರ್ ತೊಡೆಯ ಮೇಲಿನ ಸಂಚಿಕೆಯನ್ನು ಮುಚ್ಚಿ ನನ್ನ ಕೈಗೆ ಕೊಟ್ಟು, "ಇದನ್ನೂ ಅಂಟಿಸು. ನಾನು ಮರೀತೀನಿ," ಎಂದರು.